ಹಲ್ಲಿಗೆ ಅಣಸು

ಆ ದಿನ ಎರಡು ಸದ್ದು ಬಂದವು. ಒಂದು ಜೋಳದ ಕಾಳಿನದು, ಇನ್ನೊಂದು ನನ್ನ ಹಲ್ಲಿನದು.

ಮೆಕ್ಕೆಜೋಳ ಒಣಗಿದೆಯೋ ಇಲ್ಲವೋ ಎಂದು ನೋಡಲು ಭರಮಸಾಗರದ ಸುತ್ತ ನಾವೆಲ್ಲ ಮಾಡುವುದು ಒಂದೇ ಕೆಲಸ. ಒಂದು ಕಾಳನ್ನು ದವಡೆಹಲ್ಲಿನ ನಡುವೆ ಇಟ್ಟು ಕಡಿಯುತ್ತೇವೆ, ಆಮೇಲೆ ಉಗುಳುತ್ತೇವೆ. ಹಸಿ ಇದ್ದರೆ ಸದ್ದೇ ಇಲ್ಲ, ಕಾಳಿನ ಮೇಲೆ ಹಲ್ಲಿನ ಗುರುತು ಬೀಳುತ್ತದೆ ಅಷ್ಟೇ. ಅರೆಬರೆ ಒಣಗಿದ್ದರೆ ಮೆತ್ತಗೆ ಒಡೆದು ಹಲ್ಲಿಗೆ ಅಂಟಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ್ದರೆ 'ಟಕ್' ಎಂದು ಎರಡು ಹೋಳಾಗುತ್ತದೆ. ಹೇಳುವುದು ಸುಲಭ. ಆದರೆ ಚೀಲಕ್ಕೆ ತುಂಬಬಹುದಾದ ಟಕ್ಕು ಬೇರೆ, ಇನ್ನೊಂದು ಬಿಸಿಲು ಬೇಕೆನ್ನುವ ಟಕ್ಕು ಬೇರೆ. ಆ ವ್ಯತ್ಯಾಸ ಹಲ್ಲಿಗೆ ಅರ್ಧ ಗೊತ್ತಾಗುತ್ತದೆ, ಕಿವಿಗೆ ಅರ್ಧ.

ನಮ್ಮ ಬೀದಿಯಲ್ಲಿ ಅದನ್ನು ಹೇಳುವವಳು ನಾನೇ ಎಂದು ಎಲ್ಲರೂ ಒಪ್ಪಿಕೊಂಡು ಬಹಳ ವರ್ಷವಾಯಿತು. ನಾನೇನೂ ಕೇಳಿಕೊಂಡು ಹೋಗಿರಲಿಲ್ಲ. ಹೆಚ್ಚಿನ ಗಂಡಸರ ಹಲ್ಲು ಎಲೆ ಅಡಿಕೆ ತಂಬಾಕಿಗೆ ಸೋತಿರುತ್ತವೆ, ಹರೆಯದವರಿಗೆ ಕಿವಿ ಕೊಟ್ಟು ಕೇಳುವ ತಾಳ್ಮೆ ಇಲ್ಲ, ಹೀಗಾಗಿ ಕೆಲಸ ನನ್ನ ಬಾಯಿಗೆ ಬಂತು. ಸುಗ್ಗಿಯಲ್ಲಿ ಬೆಳಗಾದರೆ ಯಾರಾದರೊಬ್ಬರು ಸೆರಗಿನ ತುದಿಯಲ್ಲಿ ಹಿಡಿ ಕಾಳು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

"ಅಕ್ಕಾ, ಒಂದೀಟು ಕಡ್ದು ನೋಡು. ಚೀಲಕ್ಕೆ ತುಂಬ್ಲಾ?"

ನಾನು ಕಡಿದು, ಕಣ್ಣು ಮುಚ್ಚಿ, "ಇನ್ನೊಂದ್ ಬಿಸ್ಲು ಬೇಕು ಕಣೇ" ಎಂದರೆ ಹೋಗಿ ಮತ್ತೆ ಹರಡುತ್ತಾರೆ. ಇದರಲ್ಲಿ ನನಗೆ ಒಂದಿಷ್ಟು ಜಂಬವೂ ಇದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಲಾರಿ ತರುವ ವ್ಯಾಪಾರಿಯ ಹತ್ತಿರ ತೇವ ಅಳೆಯುವ ಮೆಷಿನ್ ಇರುತ್ತದೆ. ಅದು ಹಸಿ ಎನ್ನುತ್ತದೆ, ಬೆಳೆದವರು ಒಣಗಿದೆ ಎನ್ನುತ್ತಾರೆ. ಹಾಗೆ ಮಾತು ಬೆಳೆದಾಗ ನಮ್ಮಲ್ಲೊಂದು ರೂಢಿ ಇದೆ. ವ್ಯಾಪಾರಿ ತಾನೇ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಕಾಳು ಆರಿಸಿ, ಕಡಿಯುವವರ ಅಂಗೈಗೆ ಇಡಬೇಕು. ಕಡಿಯುವವರು ಆ ಕಾಳನ್ನೇ ಕಡಿಯಬೇಕು. ಬೇರೆ ಕಾಳು ಮುಟ್ಟಿದರೆ ಮೋಸ ಎಂದೇ ಲೆಕ್ಕ. ಆ ಒಂದು ಕಾಳು ಒಣಗಿದೆ ಎಂದು ಬಾಯಿಂದ ಬಂದರೆ ವ್ಯಾಪಾರಿ ಮೆಷಿನ್ನನ್ನು ಚೀಲಕ್ಕೆ ಹಾಕಿ ತಕ್ಕಡಿ ಇಳಿಸುತ್ತಾನೆ. ನಮ್ಮ ಕಣಗಳಲ್ಲಿ ಎಷ್ಟೋ ಸಲ ಆ ಬಾಯಿ ನನ್ನದಾಗಿತ್ತು.

ಹಲ್ಲು ಒಡೆದದ್ದು ನಮ್ಮದೇ ರಾಶಿಯಲ್ಲಿ. ದಾವಣಗೆರೆ ರಸ್ತೆಯ ಬದಿಯಲ್ಲಿ ಹರಡಿ ಬಾಚಿ ತಂದ ಜೋಳ, ಅದರಲ್ಲಿ ಜಲ್ಲಿಯ ಚೂರೊಂದು ಸೇರಿಕೊಂಡಿತ್ತು. ಕಾಳಿನ ಜೊತೆಗೆ ಅದೂ ಬಾಯಿಗೆ ಬಂತು. ಕಡಿದೆ. ಎರಡು ಸದ್ದು ಕೇಳಿತು, ನಾಲಗೆಯ ಮೇಲೆ ಗಟ್ಟಿಯಾದದ್ದೇನೋ ಹೊರಳಿತು. ಉಗುಳಿ ನೋಡಿದರೆ ನನ್ನ ಎಡಗಡೆಯ ಕೆಳದವಡೆಯ ದೊಡ್ಡ ಹಲ್ಲಿನ ಒಂದು ಮೂಲೆ. ತಣ್ಣೀರು ಕುಡಿದೆ, ಜೀವ ಹೋಗಿ ಬಂತು.

ಇನ್ನೊಂದು ಕಡೆಯಲ್ಲಿ ಕಡಿದರಾಯಿತು ಎನ್ನುವಂತೆಯೂ ಇರಲಿಲ್ಲ. ಬಾಣಂತನಕ್ಕೆ ತವರಿಗೆ, ಹೊಸದುರ್ಗಕ್ಕೆ ಹೋಗಿದ್ದಾಗ ಬಲಗಡೆಯ ದವಡೆಹಲ್ಲುಗಳು ನೋಯುತ್ತವೆ ಎಂದಿದ್ದಕ್ಕೆ ಒಂದರ ಹಿಂದೆ ಒಂದು ಕೀಳಿಸಿ ಕೂರಿಸಿದ್ದರು. ಆಗ ಹಲ್ಲುನೋವಿಗೆ ಗೊತ್ತಿದ್ದ ಮದ್ದು ಅದೊಂದೇ. ಅವತ್ತಿನಿಂದ ನನ್ನ ಬಲಗಡೆ ಬರೀ ವಸಡು. ಅಗಿಯುವುದು, ಕಡಿಯುವುದು, ಊರಿನ ಜೋಳದ ನ್ಯಾಯ ಹೇಳುವುದು, ಎಲ್ಲಾ ಎಡಗಡೆಯದೇ ಕೆಲಸವಾಗಿತ್ತು.

"ಕಿತ್ತಾಕ್ಸು ಅತ್ಲಾಗೆ," ಎಂದರು ನಮ್ಮ ಮನೆಯವರು. "ಒಂದು ಹಲ್ಲಿಗೆ ಏನ್ ಇಷ್ಟು ರಂಪ?"

ಅವರು ಹೇಳಬಹುದು. ಅವರಿಗೆ ಬೇವಿನಕಡ್ಡಿ ಬಿಟ್ಟರೆ ಬೇರೆ ಗೊತ್ತಿಲ್ಲ, ಎಲೆ ಅಡಿಕೆಯ ಚಟವಿಲ್ಲ, ಅಷ್ಟೂ ಹಲ್ಲು ಹುಟ್ಟಿದ ಹಾಗೇ ಇವೆ. ಕಬ್ಬಿನ ಜಲ್ಲೆಯನ್ನು ಇವತ್ತಿಗೂ ಸುಲಿಯುತ್ತಾರೆ. ಆದರೆ ಜೋಳ ಕಡಿಯಲು ಕೊಟ್ಟರೆ ಅವರಿಗೆ ಎಲ್ಲವೂ ಒಣಗಿದ್ದೇ. ಒಂದು ವರ್ಷ ನಾನು ಊರಲ್ಲಿ ಇಲ್ಲದಾಗ ಅವರೇ ಕಡಿದು ನೋಡಿ ಚೀಲ ಹೊಲಿಸಿದ್ದರು. ನಾನು ಬಂದು ಚೀಲದ ಬಾಯಿ ಬಿಚ್ಚಿದರೆ ಒಳಗೆ ಬೆಚ್ಚಗೆ, ಬೂಸಲು ವಾಸನೆ. ಹಲ್ಲು ಕಲ್ಲಿನಂಥದ್ದು, ಕಿವಿ ಮಾತ್ರ ಶುದ್ಧ ಮೊಂಡು. "ಹಲ್ಲಿದ್ದೋರಿಗೆ ಕಡ್ಲೆ ಇಲ್ಲ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿದ್ದು" ಎಂದು ನಾನು ಅಣಕಿಸಿದರೆ, "ಹೂಂ, ಕಡ್ಲೆ ಎಲ್ಲಾ ನಿನ್ ಹತ್ರ ಐತೆ, ಈಗ ಹಲ್ಲೊಂದು ಕಮ್ಮಿ" ಎಂದು ತಿರುಗಿಸಿದರು. ನನಗೆ ನಗು ಬರಲಿಲ್ಲ. ಆ ಹಲ್ಲು ಹೋದರೆ ಬಾಗಿಲಿಗೆ ಸೆರಗಿನಲ್ಲಿ ಕಾಳು ತರುವವರು ಇನ್ನು ಬರುವುದಿಲ್ಲ ಎನ್ನುವುದೇ ತಲೆಯಲ್ಲಿ ಕೊರೆಯುತ್ತಿತ್ತು.

ಅವರ ಇನ್ನೊಂದು ಗುಣವನ್ನೂ ಇಲ್ಲೇ ಹೇಳಬೇಕು. ಅವರಿಗೆ ಎಂಜಲು ಎಂದರೆ ಆಗುವುದಿಲ್ಲ. ತಮ್ಮ ಲೋಟ ಬೇರೆ, ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಅರ್ಧ ಕಚ್ಚಿದ ಬಾಳೆಹಣ್ಣು ಕೊಡಲು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನಾನು ಮದುವೆಯಾದಾಗಿನಿಂದ ಅವರು ಉಂಡ ತಟ್ಟೆಯಲ್ಲೇ ಎಷ್ಟೋ ಸಲ ಉಂಡಿದ್ದೇನೆ. ಅದು ಹಾಗೆಯೇ ನಡೆದುಕೊಂಡು ಬಂದದ್ದು, ಯಾರೂ ಅದನ್ನು ತಿರುಗಿಸಿ ನೋಡಿರಲಿಲ್ಲ.

ಚಿತ್ರದುರ್ಗದಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಹಲ್ಲಿನ ಆಸ್ಪತ್ರೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕರಾವಳಿಯ ಕಡೆಯಿಂದ ಮದುವೆಯಾಗಿ ಬಂದವರು. ಜೊತೆಗೆ ಕೆಲಸ ಮಾಡುವ ನರ್ಸಮ್ಮ ನನ್ನ ವಯಸ್ಸಿನವರೇ, ಹಿರಿಯೂರು ಸೀಮೆಯ ಹರಿಯಬ್ಬೆಯವರು.

"ನೋವು ಉಂಟಾ?" ಎಂದರು ಡಾಕ್ಟರಮ್ಮ.

"ಐತೆ. ಬಾಯಿ ತೆರೆದ್ರೂ ಐತೆ, ಮುಚ್ಚಿದ್ರೂ ಐತೆ. ಆದ್ರೆ ಕೀಳಾಕೆ ಮಾತ್ರ ಬಿಡಲ್ಲ, ಈಗ್ಲೇ ಹೇಳ್ತೀನಿ."

ಅವರು ಕನ್ನಡಿ ಹಿಡಿದು ನೋಡಿದರು, ಗಾಳಿ ಊದಿ ನೋಡಿದರು, ಫೋಟೋ ತೆಗೆದು ನೋಡಿದರು. ಹಲ್ಲಿನ ಜೀವ ಇನ್ನೂ ಚೆನ್ನಾಗಿದೆ, ಬುಡ ಗಟ್ಟಿ ಇದೆ, ಹೋಗಿರುವುದು ಮೇಲಿನ ಒಂದು ಮೂಲೆ ಮತ್ತು ನಡುವಿನಲ್ಲಿ ಒಂದು ಹಳೆಯ ತೂತು ಎಂದರು. ತೂತು ಮಾತ್ರ ಇದ್ದಿದ್ದರೆ ಅದರ ಅಳತೆಗೆ ಸರಿಯಾಗಿ ಒಂದು ತುಂಡು ಮಾಡಿಸಿ ಒಳಗೆ ಕೂರಿಸುತ್ತಿದ್ದರಂತೆ, ಅದಕ್ಕೆ ಇನ್‌ಲೇ ಎನ್ನುತ್ತಾರೆ. ನನ್ನದರಲ್ಲಿ ಮೂಲೆಯೂ ಹೋಗಿರುವುದರಿಂದ ಒಳಗೂ ಕೂತು ಮೇಲೂ ಮುಚ್ಚುವಂಥ ತುಂಡು ಬೇಕು, ಅದು ಆನ್‌ಲೇ. ಇಡೀ ಹಲ್ಲನ್ನು ಸುತ್ತ ಕೊರೆದು ಟೋಪಿ ಹಾಕುವ ಅಗತ್ಯ ಇಲ್ಲ, ಉಳಿದ ಹಲ್ಲು ಉಳಿದ ಹಾಗೇ ಇರುತ್ತದೆ.

"ಒನಕೆಗೆ ಅಣಸು ಹಾಕ್ದಂಗೆ," ಎಂದೆ. ಒನಕೆಯ ತುದಿ ಸೀಳಬಾರದೆಂದು ಹಾಕುವ ಕಬ್ಬಿಣದ ಬಳೆ ಅದು. ಡಾಕ್ಟರಮ್ಮನಿಗೆ ಒನಕೆಯೇ ಗೊತ್ತಿರಲಿಲ್ಲವೋ, ಅಣಸು ಗೊತ್ತಿರಲಿಲ್ಲವೋ, ನರ್ಸಮ್ಮನ ಮುಖ ನೋಡಿದರು. ನರ್ಸಮ್ಮ, "ಹಂಗೇ ಮೇಡಂ, ಸರಿಯಾಗೇ ಹೇಳಿದ್ರು" ಎಂದರು.

ನನಗೆ ಬೇಕಾಗಿದ್ದದ್ದು ಒಂದೇ ಉತ್ತರ. "ಅದನ್ನ ಹಾಕಿದ್ಮೇಲೆ ಕಡಿದಿದ್ದು ಗಟ್ಟಿಯೋ ಮೆತ್ತಗೋ ತಿಳೀತೈತಾ?"

"ತಿಳಿಯುತ್ತದೆ. ಅದನ್ನು ಹೇಳುವುದು ಹಲ್ಲಿನ ಮೇಲ್ಭಾಗ ಅಲ್ಲ ಅಮ್ಮ. ಬೇರಿನ ಸುತ್ತ ಸಣ್ಣ ನಾರು ಇರುತ್ತದೆ, ಅದು ಹೇಳುವುದು. ಕಿತ್ತರೆ ನಾರೂ ಹೋಗುತ್ತದೆ. ಇಟ್ಟುಕೊಂಡರೆ ಅದೂ ಇರುತ್ತದೆ."

ನಾನು ತಿರುಗಿ ನಮ್ಮ ಮನೆಯವರನ್ನು ನೋಡಿದೆ. ಅವರು ಬಾಗಿಲ ಹತ್ತಿರ ನಿಂತು ಟ್ರೇಯಲ್ಲಿದ್ದ ಚಮಚದಂಥ ಸಾಮಾನುಗಳನ್ನೇ ಹೆದರಿಕೆಯಿಂದ ನೋಡುತ್ತಿದ್ದರು. ನನ್ನ ಹಲ್ಲಿನ ಅಚ್ಚು ತೆಗೆಯಲು ನರ್ಸಮ್ಮ ಹಿಟ್ಟು ನಾದಿದಂತೆ ಏನನ್ನೋ ನಾದಿ, ಅದನ್ನು ಒಂದು ಸೌಟಿನಲ್ಲಿ ತುಂಬಿ ಬಾಯಿಗಿಟ್ಟಾಗ ಅವರಿಗೆ ತಡೆಯಲಾಗಲಿಲ್ಲ.

"ಇದು ಎಷ್ಟು ಜನರ ಬಾಯಿಗೆ ಇಟ್ಟಿದ್ದೋ!"

"ಕುದಿಸಿ, ಬೇಯ್ಸಿ ಇಟ್ಟಿರ್ತೀವಿ ಯಜಮಾನ್ರೇ. ನಿಮ್ಮನೆ ತಟ್ಟೆಗಿಂತ ಮಡಿ. ನೀವು ಹೊರಗೆ ಕುಂತ್ಕಳ್ರಿ," ಎಂದರು ನರ್ಸಮ್ಮ. ಬಾಯಿ ತುಂಬ ಹಿಟ್ಟು ಇದ್ದುದರಿಂದ ನನಗೆ ನಗಲೂ ಆಗಲಿಲ್ಲ.

ಅಚ್ಚು ಎಲ್ಲಿಗೋ ಹೋಯಿತು. ಅಲ್ಲಿ ಅದರ ಮೇಲೆ ಹಲ್ಲಿನ ಬಣ್ಣದ್ದೇ ತುಂಡು ತಯಾರಾಗಿ ಬರುವವರೆಗೆ ನನ್ನ ಹಲ್ಲಿಗೆ ತಾತ್ಕಾಲಿಕ ಮುಚ್ಚಳ. ಮುಂದಿನ ವಾರ ಹೋದಾಗ ಡಾಕ್ಟರಮ್ಮ ಆ ತುಂಡನ್ನು ಇಕ್ಕಳದಲ್ಲಿ ಹಿಡಿದು ತೋರಿಸಿದರು. ಗುಬ್ಬಚ್ಚಿಯ ಮೊಟ್ಟೆಯ ಚಿಪ್ಪಿನ ಚೂರಿನಷ್ಟು ಚಿಕ್ಕದು. ಇದಕ್ಕೆ ಇಷ್ಟು ಖರ್ಚಾ ಎಂದು ನಮ್ಮ ಮನೆಯವರು 'ಮೂಗಿಗಿಂತ ಮೂಗುತಿ ಭಾರ' ಎಂದು ಗೊಣಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಹಲ್ಲನ್ನು ಒಣಗಿಸಿ, ಅಂಟು ಹಚ್ಚಿ, ತುಂಡನ್ನು ಒತ್ತಿ ಕೂರಿಸಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಆಮೇಲೆ ಒಂದು ನೀಲಿ ಕಾಗದ ಕಡಿಸಿ, ಗುರುತು ಬಿದ್ದಲ್ಲಿ ಚೂರು ಉಜ್ಜಿದರು.

"ಮರಗಟ್ಟಿದ ಬಾಯಲ್ಲಿ ಪೂರ್ತಿ ಗೊತ್ತಾಗುವುದಿಲ್ಲ," ಎಂದರು ಡಾಕ್ಟರಮ್ಮ. "ಒಂದು ವಾರ ಆ ಕಡೆಯಲ್ಲೇ ಊಟ ಮಾಡಿ. ಎತ್ತರ ತಾಗಿದರೆ ಬನ್ನಿ, ಸರಿ ಮಾಡುತ್ತೇನೆ. ಹಾಗೇ ಬಿಟ್ಟರೆ ಒಳಗಿನ ಹಲ್ಲಿಗೆ ಪೆಟ್ಟು."

ನಾನು ಆ ವಾರವೆಲ್ಲ ಹೊತ್ತಿಗೆ ಸರಿಯಾಗಿ ಊಟ ಮಾಡಿದೆ. ಡಾಕ್ಟರಮ್ಮ ಫೋನು ಮಾಡಿಸಿ ಕೇಳಿದಾಗ, "ಏನೂ ತಾಗಲ್ಲ, ಹೂವಿನಂಗೈತೆ" ಎಂದೆ. ಸುಳ್ಳು ಹೇಳಲಿಲ್ಲ. ನಿಜಕ್ಕೂ ಏನೂ ತಾಗಿರಲಿಲ್ಲ.

ತಾಗಿದ್ದು ಹೊಳಲ್ಕೆರೆಯಲ್ಲಿ, ತಂಗಿಯ ಮಗಳ ಮದುವೆಯಲ್ಲಿ. ಎಲೆಯ ತುದಿಗೆ ಬಡಿಸಿದ್ದ ಚಕ್ಕುಲಿಯನ್ನು ಬಾಯಿಗಿಟ್ಟು ಕಡಿದೆ, ಎಡದವಡೆಯಿಂದ ಕಿವಿಯವರೆಗೆ ಸೂಜಿ ಚುಚ್ಚಿದಂತಾಯಿತು. ಪಕ್ಕದಲ್ಲಿ ಕೂತವರು ಮೆಣಸಿನಕಾಯಿ ಕಡಿದೆನೆಂದು ನೀರು ಕೊಟ್ಟರು. ಹೋಳಿಗೆಯನ್ನು ಹಾಲಲ್ಲಿ ನೆನೆಸಿ ನುಂಗಿ ಎದ್ದು ಬಂದೆ. ಮನಸ್ಸು ಕೆಟ್ಟುಹೋಯಿತು. ಕೀಳಿಸಬೇಡಿ ಎಂದು ಹಟ ಹಿಡಿದವಳು ನಾನು. ಈಗ ಅದೂ ಹೋದರೆ ಮನೆಯವರ ಮುಂದೆ ಮುಖ ಎತ್ತುವುದು ಹೇಗೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೆನ್ನೆ ಹಿಡಿದುಕೊಂಡು ಕೂತಿದ್ದೆ.

ಮರುದಿನವೇ ಚಿತ್ರದುರ್ಗಕ್ಕೆ ಹೋದೆ. ಡಾಕ್ಟರಮ್ಮ ನೀಲಿ ಕಾಗದ ಕಡಿಸಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ಎತ್ತರ ಉಂಟು! ವಾರವೆಲ್ಲ ಊಟ ಮಾಡಿದ್ದೀರಿ, ಗೊತ್ತಾಗಲಿಲ್ಲವಾ?"

"ಇಲ್ಲ."

"ಏನು ಊಟ ಮಾಡಿದ್ದು?"

"ಮುದ್ದೆ."

"ಎರಡೂ ಹೊತ್ತು?"

"ಮತ್ತಿನ್ನೇನು ಉಣ್ತಾರೆ?"

ಹರಿಯಬ್ಬೆಯ ನರ್ಸಮ್ಮ ಕೈಯಲ್ಲಿದ್ದ ಹತ್ತಿಯನ್ನು ಕೆಳಗೆ ಬೀಳಿಸಿ ಗೋಡೆ ಹಿಡಿದುಕೊಂಡು ನಕ್ಕರು. "ಅಯ್ಯೋ ಮೇಡಂ! ಮುದ್ದೆ ಅಗಿಯಲ್ಲ ನಾವು, ನುಂಗ್ತೀವಿ! ಮುರಿಯಾದು, ಸಾರಿಗೆ ಅದ್ದಾದು, ನುಂಗಾದು. ಹಲ್ಲು ಹಲ್ಲಿಗೆ ತಾಗ್ತಾನೇ ಇಲ್ಲ. ನಂಗಾದ್ರೂ ಹೊಳೀಬಾರ್ದಿತ್ತಾ?"

ಡಾಕ್ಟರಮ್ಮ ನನ್ನನ್ನೂ ಅವರನ್ನೂ ನೋಡಿದರು. "ಅಗಿಯದೇ ನುಂಗುವುದಾ? ಮತ್ತೆ ಜೀರ್ಣ ಆಗುವುದು ಹೇಗೆ?" ಎಂದು ನಿಜವಾದ ಚಿಂತೆಯಿಂದ ಕೇಳಿದರು. ಅಷ್ಟು ಹೊತ್ತಿಗೆ ನನಗೂ ನಗು ತಡೆಯಲಾಗಲಿಲ್ಲ. ಮುದ್ದೆ ಅಗಿದರೆ ನಮ್ಮತ್ತೆ "ಹೊಸಬಳಾ ನೀನು?" ಎಂದು ಕೇಳುತ್ತಿದ್ದರು ಎಂದೆ. ಹೊಸ ಹಲ್ಲನ್ನು ಪರೀಕ್ಷೆ ಮಾಡು ಎಂದು ಕೊಟ್ಟ ವಾರದಲ್ಲಿ ನಾನು ಅದಕ್ಕೆ ಪೂರ್ತಿ ರಜೆ ಕೊಟ್ಟಿದ್ದೆ.

ನರ್ಸಮ್ಮ ಹೊರಗೆ ಹೋಗಿ ಗಾಡಿಯವನ ಹತ್ತಿರ ಹುರಿದ ಶೇಂಗಾ ತಂದರು. ಒಂದು ಬೀಜ ಕಡಿಯುವುದು, ನೀಲಿ ಕಾಗದ ಕಡಿಯುವುದು, ಡಾಕ್ಟರಮ್ಮ ಚೂರು ಉಜ್ಜುವುದು, ಮತ್ತೊಂದು ಬೀಜ. ಹಾಗೆ ಮಾಡುತ್ತಾ ಮಾಡುತ್ತಾ ಒಂದು ಸಲ ಬೀಜ ಸದ್ದಿಲ್ಲದೆ ಬೆಣ್ಣೆಯಂತೆ ನುರಿಯಿತು, ನೋವಿಲ್ಲ, ಎತ್ತರವಿಲ್ಲ. ಶೇಂಗಾದ ರುಚಿ ಎಡಗಡೆಯಲ್ಲಿ ಎಷ್ಟು ದಿನದ ಮೇಲೆ ಬಂತೋ. ನನಗೆ ಕಣ್ಣಲ್ಲಿ ನೀರು ಬಂತು. ಉಳಿದ ಶೇಂಗಾವನ್ನು ಮೂವರೂ ಹಂಚಿಕೊಂಡು ತಿಂದೆವು.

ಏಳುವಾಗ ಕೇಳಿದೆ. "ಇನ್ನು ಜೋಳ ಕಡೀಬೋದಲ್ಲ?"

"ಬೇಯಿಸಿದ ಜೋಳ ತಿನ್ನಿ."

"ಒಣಗಿದ್ದು. ರಾಶಿಯಿಂದ ತಗ್ದು."

ಅವರ ನಗು ನಿಂತಿತು. "ಅದು ಮಾತ್ರ ಬೇಡ. ದೇವರು ಕೊಟ್ಟ ಹಲ್ಲೇ ಒಡೆಯಿತು, ನಾನು ಕೊಟ್ಟದ್ದು ನಿಲ್ಲುತ್ತದಾ? ಮನುಷ್ಯರು ತಿನ್ನುವುದನ್ನು ಏನು ಬೇಕಾದರೂ ತಿನ್ನಿ. ಅದನ್ನು ಕಡಿದರೆ ಈ ಸಲ ಬುಡವೇ ಸೀಳಬಹುದು. ಆಗ ಕೀಳದೇ ದಾರಿ ಇಲ್ಲ."

ನನಗೆ ರೇಗಿತು. ಹಾಗಾದರೆ ಇಷ್ಟೆಲ್ಲ ಮಾಡಿದ್ದು ಯಾತಕ್ಕೆ ಎಂದು ಕೇಳಿಯೂಬಿಟ್ಟೆ. "ಊಟ ಮಾಡಲಿಕ್ಕೆ ಅಮ್ಮ," ಎಂದರು ಅವರು ಮೆತ್ತಗೆ. ಮನೆಗೆ ಬಂದು ನಮ್ಮ ಮನೆಯವರಿಗೆ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವರು ಹೂಂ ಎಂದು ದನಕ್ಕೆ ಹುಲ್ಲು ಹಾಕಲು ಹೋದರು. ಒಂದು ಮಾತಾದರೂ ಆಡಬಾರದಿತ್ತೇ ಎಂದು ಅವರ ಮೇಲೂ ರೇಗಿತು.

ಆದರೂ ಆ ದಿನಗಳು ಕೆಟ್ಟವಾಗಿರಲಿಲ್ಲ. ರೊಟ್ಟಿ, ಕೊಬ್ಬರಿ, ನಿಪ್ಪಟ್ಟು, ಮರೆತೇ ಹೋಗಿದ್ದವೆಲ್ಲ ಒಂದೊಂದಾಗಿ ಬಾಯಿಗೆ ಮರಳಿದವು. ಅಡುಗೆಮನೆಯಲ್ಲಿ ಕಡಲೆ ಹುರಿದು ಹುರಿದಷ್ಟೂ ನಾನೇ ತಿಂದೆ. ಜೋಳ ತಂದವರಿಗೆ ಮಾತ್ರ, ಹಲ್ಲು ಇನ್ನೂ ಹಸಿ ಐತೆ ಎಂದು ಹೇಳಿ ಕಳಿಸುತ್ತಿದ್ದೆ.

ಹಾಗೆ ಕಳಿಸಲು ಆಗದಿದ್ದವಳು ಪಕ್ಕದ ಮನೆಯವಳು. ಕುರಿ ಕಾಯುವ ಮನೆತನದವಳು, ಗಂಡ ತೀರಿದ ಮೇಲೆ ಕುರಿಯನ್ನೂ ಹೊಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಾಳೆ. ಅವಳ ಕಣಕ್ಕೆ ಲಾರಿ ಬಂದ ದಿನ ಕೆರೆಯ ಆಚೆಗೆ ಮೋಡ ಕಟ್ಟಿತ್ತು. ಮೆಷಿನ್ನು ಹಸಿ ಎಂದಿತು. ಈ ಲಾರಿ ಹೋದರೆ ಮತ್ತೆ ಬರುವುದು ಮುಂದಿನ ವಾರ. ಅಷ್ಟರಲ್ಲಿ ಮಳೆ ಹಿಡಿದರೆ ರಾಶಿಯೆಲ್ಲ ಮೊಳಕೆ.

"ಅಕ್ಕನ್ನ ಕರೀರಿ. ಅಕ್ಕ ಕಡೀಲಿ," ಎಂದು ಅವಳೇ ಕೂಗಿದಳು.

ನಾನೂ ನಮ್ಮ ಮನೆಯವರೂ ಹೋದೆವು. ವ್ಯಾಪಾರಿ ನನ್ನನ್ನು ನೋಡಿ ಕೈ ಮುಗಿದ. "ಬರ್ರಿ ಬರ್ರಿ. ನಿಮ್ಮ ಬಾಯಲ್ಲಿ ಏನ್ ಬರ್ತೈತೋ ಅದೇ." ತೋಳು ಮಡಿಸಿ, ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಕಾಳು ತೆಗೆದು ನನ್ನ ಅಂಗೈಗೆ ಇಟ್ಟ.

ಬಾಯಿಗೆ ಹಾಕಿಕೊಂಡೆ. ಅಭ್ಯಾಸ, ಏನು ಮಾಡುವುದು? ನಾಲಗೆಯೇ ಕಾಳನ್ನು ಎಡಗಡೆಗೆ ತಳ್ಳಿ ಹಲ್ಲಿನ ಮೇಲೆ ಕೂರಿಸಿತು. ಕೂರಿಸಿದ ಮೇಲೆ ಡಾಕ್ಟರಮ್ಮನ ಮಾತು ನೆನಪಾಗಿ ದವಡೆ ನಿಂತುಬಿಟ್ಟಿತು. ಕಡಿದರೆ ಹಲ್ಲು ಹೋಗುತ್ತದೆ. ಕಡಿಯದಿದ್ದರೆ ಇವಳ ಜೋಳ ಹೋಗುತ್ತದೆ. ಎಲ್ಲರೂ ನನ್ನ ಕೆನ್ನೆಯನ್ನೇ ನೋಡುತ್ತಿದ್ದರು. ಪಕ್ಕದ ಮನೆಯವಳು ಸೆರಗನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಹೋದರೆ ಹೋಗಲಿ ಎಂದುಕೊಂಡು ಕಣ್ಣು ಮುಚ್ಚಿದೆ.

"ತಾ ಇಲ್ಲಿ."

ಕಣ್ಣು ಬಿಟ್ಟರೆ ನಮ್ಮ ಮನೆಯವರು ನನ್ನ ಗದ್ದದ ಕೆಳಗೆ ಅಂಗೈ ಹಿಡಿದಿದ್ದರು.

"ಎಂಜ್ಲು ಕಣ್ರೀ," ಎಂದೆ, ಕಾಳನ್ನು ಕೆನ್ನೆಯಲ್ಲಿ ಒತ್ತಿಕೊಂಡೇ.

"ಗೊತ್ತೈತೆ. ಇದನ್ನೇ ಕಡೀಬೇಕಲ್ಲ. ಉಗುಳು."

ಉಗುಳಿದೆ. ಒದ್ದೆಯಾದ ಕಾಳನ್ನು ಅವರು ಒರೆಸಲೂ ಇಲ್ಲ, ಹಾಗೇ ಬಾಯಿಗೆ ಹಾಕಿಕೊಂಡರು. ಅವರು ಕಾಳನ್ನು ಹಲ್ಲಿಗೆ ಕೊಟ್ಟು ನನ್ನ ಕಡೆ ಬಗ್ಗಿ ಕೆನ್ನೆ ಒಡ್ಡಿದರು.

"ನಂಗ್ ತಿಳಿಯಲ್ಲ. ನೀನೇ ಕೇಳು."

ಅಷ್ಟು ಜನರ ನಡುವೆ, ಹಗಲು ಹೊತ್ತಿನಲ್ಲಿ, ನಾನು ನನ್ನ ಗಂಡನ ಕೆನ್ನೆಗೆ ಕಿವಿ ಇಟ್ಟೆ. ಗಡ್ಡ ಚುಚ್ಚಿತು. ಬೇವಿನ ವಾಸನೆ ಬಂತು. ಹಮಾಲರಲ್ಲಿ ಯಾರೋ ಕಿಸಕ್ಕೆಂದರು, ಪಕ್ಕದ ಮನೆಯವಳು "ಸುಮ್ಕಿರ್ಲೇ" ಎಂದು ಗದರಿದಳು. ಅವರು ಕಡಿದರು.

ಟಕ್.

ಒಂದೇ ಸದ್ದು, ಚೊಕ್ಕಟವಾಗಿ, ಚೀಲಕ್ಕೆ ತುಂಬಬಹುದಾದ ಸದ್ದು.

"ಒಣಗೈತೆ," ಎಂದೆ.

ವ್ಯಾಪಾರಿ ಮೆಷಿನ್ನನ್ನು ಚೀಲಕ್ಕೆ ಹಾಕಿ, "ತಕ್ಕಡಿ ಇಳಿಸ್ರಪ್ಪ" ಎಂದು ಹಮಾಲರನ್ನು ಕೂಗಿದ. ನಾನು ನಮ್ಮ ಮನೆಯವರ ಮುಖ ನೋಡುತ್ತಾ ನಿಂತಿದ್ದೆ. ಕಡಿದ ಕಾಳನ್ನು ನಾವು ಯಾರೂ ತಿನ್ನುವುದಿಲ್ಲ, ಉಗುಳುತ್ತೇವೆ. ಅವರು ಎರಡು ಹೋಳನ್ನೂ ನಿಧಾನವಾಗಿ ಅಗಿದು ನುಂಗಿದರು.